ಡೊಬ್ರಿಟ್ಸ್‌ಹೋಫರ್ ಪಾದ್ರಿಯ ಅಬಿಪೋನರ ಚರಿತ್ರೆಯನ್ನು ಓದುವ ಕ್ರಮ

ದಕ್ಷಿಣ ಅಮೆರಿಕದ ಚಾಕೊ ಬಯಲಿನಲ್ಲಿ ಕುದುರೆಯ ಬೆನ್ನ ಮೇಲೆ ಬದುಕು ಕಟ್ಟಿಕೊಂಡಿದ್ದ ಅಬಿಪೋನ್ ಜನರ ಬಗ್ಗೆ ಇಂದು ಯಾರು ಏನು ಬರೆದರೂ ಅದರ ಬಹುಪಾಲು ಒಬ್ಬನೇ ಮನುಷ್ಯನ ಪುಸ್ತಕದಿಂದ ಬಂದಿರುತ್ತದೆ. ಆತ ಆಸ್ಟ್ರಿಯಾದಿಂದ ಹೋದ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘಕ್ಕೆ ಸೇರಿದ ಮಾರ್ಟಿನ್ ಡೊಬ್ರಿಟ್ಸ್‌ಹೋಫರ್. ಆಗಿನ ಪರಾಗ್ವೆ ಪ್ರಾಂತದಲ್ಲಿ ಹದಿನೆಂಟು ವರ್ಷ ಇದ್ದು, ಅದರಲ್ಲಿ ಏಳು ವರ್ಷಗಳನ್ನು ಅಬಿಪೋನರ ನಡುವೆ ಕಳೆದು, 1784ರಲ್ಲಿ ವಿಯೆನ್ನಾದಲ್ಲಿ ಲ್ಯಾಟಿನ್ ಭಾಷೆಯ ಮೂರು ಸಂಪುಟಗಳಾಗಿ ಅವರ ಚರಿತ್ರೆಯನ್ನು ಅಚ್ಚು ಹಾಕಿಸಿದ. ಅಬಿಪೋನರ ಭಾಷೆ ಈಗ ಆಡುವವರಿಲ್ಲದೆ ಅಳಿದುಹೋಗಿದೆ. ಆದ್ದರಿಂದ ಈ ಪುಸ್ತಕವನ್ನು ಬದಿಗಿಡುವಂತಿಲ್ಲ, ಅದರಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ಒಪ್ಪಿಕೊಳ್ಳುವಂತೆಯೂ ಇಲ್ಲ.

ಕೊಪ್ಪಳದಲ್ಲಿ ನಾವು ಕೆಲವರು ಭಾನುವಾರಗಳಂದು ಸೇರಿ ಹಳೆಯ ಪರದೇಶಿ ಬರಹಗಳನ್ನು ಓದುತ್ತೇವೆ. ಹಂಪಿ, ಆನೆಗೊಂದಿಗಳು ಮಗ್ಗುಲಲ್ಲೇ ಇರುವುದರಿಂದ ಪಾಯಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳಿಂದ ಆರಂಭಿಸಿದ ಓದು ಈಗ ಈ ಪಾದ್ರಿಯವರೆಗೆ ಬಂದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಪದವಿ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಈ ಪುಸ್ತಕವನ್ನು ಓದಿ ಕನ್ನಡದಲ್ಲಿ ಬರೆಯಲು ಹೊರಟರೆ ಅವರಿಗೆ ದಾರಿ ಸಿಗಲೆಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಡೀ ಓದಿನಲ್ಲಿ ನಾನು ಹಿಡಿದುಕೊಂಡಿರುವ ಸೂತ್ರ ಒಂದೇ: ಪಾದ್ರಿಯ ಕಿವಿಯನ್ನು ನಂಬಬೇಕು, ಆತನ ತೀರ್ಪನ್ನು ಒರೆಗೆ ಹಚ್ಚಬೇಕು.

ಪುಸ್ತಕ ತೆರೆಯುವ ಮೊದಲು

ಲ್ಯಾಟಿನ್ ಬಾರದವರು 1822ರ ಇಂಗ್ಲಿಷ್ ಅನುವಾದವನ್ನು ಹಿಡಿಯಬಹುದು. ಕವಿ ಕೋಲ್‌ರಿಜ್‌ನ ಮಗಳು ಸಾರಾ ಕೋಲ್‌ರಿಜ್ ಮಾಡಿದ ಆ ಅನುವಾದದ ಹಕ್ಕುಗಳ ಅವಧಿ ಎಂದೋ ಮುಗಿದಿರುವುದರಿಂದ ಮೂರೂ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಸಂಪುಟದಿಂದ ಆರಂಭಿಸಬೇಡಿ. ಅದು ಬಹುಮಟ್ಟಿಗೆ ಪ್ರಾಂತದ ಭೂಗೋಳ, ಆಡಳಿತ, ಗಿಡಮರ, ಪ್ರಾಣಿಗಳ ವಿವರಣೆಯಾಗಿದ್ದು, ನಮ್ಮ ಗುಂಪಿನಲ್ಲಿ ಹಲವರು ಅಲ್ಲಿಯೇ ಸೋತು ಓದು ನಿಲ್ಲಿಸಿದ್ದರು. ಅಬಿಪೋನರ ನಡೆನುಡಿ, ನಂಬಿಕೆ, ಭಾಷೆ ಇವೆಲ್ಲ ಎರಡನೆಯ ಸಂಪುಟದಲ್ಲಿವೆ. ಮೂರನೆಯದರಲ್ಲಿ ಯುದ್ಧಗಳೂ, ಧರ್ಮಬೋಧನೆಗಾಗಿ ಕಟ್ಟಿದ ಮಿಷನ್ ಊರುಗಳ ಕಥೆಯೂ ಇವೆ. ಎರಡು, ಮೂರು, ಕೊನೆಗೆ ಒಂದು ಎಂಬ ಕ್ರಮದಲ್ಲಿ ಓದಿದರೆ ಮೊದಲ ಸಂಪುಟದ ಒಣ ವಿವರಗಳೂ ಕೆಲಸಕ್ಕೆ ಬರುತ್ತವೆ.

ಪಕ್ಕದಲ್ಲಿ ಇಂದಿನ ಅರ್ಜೆಂಟೀನಾದ ನಕ್ಷೆಯೊಂದನ್ನು ಇಟ್ಟುಕೊಳ್ಳಿ. ಪುಸ್ತಕದಲ್ಲಿ ಬರುವ ಪರಾಗ್ವೆ ಎಂದರೆ ಇಂದಿನ ಪರಾಗ್ವೆ ದೇಶ ಎಂದು ತಿಳಿದರೆ ಇಡೀ ಓದು ದಾರಿ ತಪ್ಪುತ್ತದೆ, ಏಕೆಂದರೆ ಅಂದು ಆ ಹೆಸರು ಅದಕ್ಕಿಂತ ಬಹಳ ದೊಡ್ಡ ನಾಡಿಗೆ ಸಲ್ಲುತ್ತಿತ್ತು. ಬೆರ್ಮೆಹೊ ನದಿಯನ್ನು ಗುರುತಿಸಿ, ಅದರಿಂದ ದಕ್ಷಿಣಕ್ಕೆ ಪರಾನಾ ನದಿಯ ಪಡುವಣ ದಂಡೆಯನ್ನು ಹಿಡಿದು ಬನ್ನಿ. ಅಬಿಪೋನರಿಗಾಗಿ 1748ರಲ್ಲಿ ಸ್ಥಾಪಿಸಿದ ಸಾನ್ ಹೆರೋನಿಮೊ ಎಂಬ ಮಿಷನ್ ಊರು ಇಂದಿನ ರೆಕೊಂಕಿಸ್ತಾ ನಗರದ ಜಾಗದಲ್ಲಿತ್ತು. 1750ರ ಸಾನ್ ಫೆರ್ನಾಂಡೊ ಇದ್ದಲ್ಲಿ ಇಂದು ಚಾಕೊ ಪ್ರಾಂತದ ರಾಜಧಾನಿ ರೆಸಿಸ್ಟೆನ್ಸಿಯಾ ಇದೆ. ಈ ಎರಡು ಚುಕ್ಕೆಗಳನ್ನು ಗುರುತು ಹಾಕಿಕೊಂಡರೆ ಮೂರನೆಯ ಸಂಪುಟದ ಯುದ್ಧಗಳು ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತವೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಪ್ರಾಣಿಗಳ ಹೆಸರಿನಲ್ಲಿ ನಾವು ಮೊದಲೇ ಎಡವಿದೆವು. ಅನುವಾದದಲ್ಲಿ ಟೈಗರ್ ಎಂದು ಇರುವುದನ್ನು ಹುಲಿ ಎಂದೇ ಟಿಪ್ಪಣಿ ಮಾಡಿಕೊಂಡು ಎರಡು ವಾರ ಓದಿದ ಮೇಲೆ ಅದು ಜಾಗ್ವಾರ್ ಎಂಬುದು ಗಮನಕ್ಕೆ ಬಂತು. ಅಮೆರಿಕದಲ್ಲಿ ಹುಲಿ ಇಲ್ಲ, ಸ್ಪೇನಿನವರು ತಮಗೆ ಗೊತ್ತಿದ್ದ ಹೆಸರನ್ನೇ ಅದಕ್ಕೂ ಇಟ್ಟಿದ್ದರು. ಹಾಗೆಯೇ ಆ ಪುಟಗಳ ಉಷ್ಟ್ರಪಕ್ಷಿ ಎಂದರೆ ರಿಯಾ ಎಂಬ ಬೇರೆಯೇ ಹಕ್ಕಿ, ಮೊಸಳೆ ಎಂದರೆ ಕೈಮನ್. ಕನ್ನಡಕ್ಕೆ ತರುವಾಗ ಜಾಗ್ವಾರ್, ರಿಯಾ, ಕೈಮನ್ ಎಂದೇ ಬರೆಯಿರಿ. ದರೋಜಿಯ ಕರಡಿಯನ್ನು ಯಾರೋ ಪರದೇಶಿಯೊಬ್ಬ ತನ್ನ ನಾಡಿನ ಇನ್ನೊಂದು ಪ್ರಾಣಿಯ ಹೆಸರಿನಿಂದ ಬರೆದಿಟ್ಟಿದ್ದರೆ ನಮಗೆ ಎಷ್ಟು ಇರುಸುಮುರುಸಾಗುತ್ತಿತ್ತೋ ಅಷ್ಟೇ ಇಲ್ಲಿಯೂ ಆಗಬೇಕು.

ಆತ ಯಾವಾಗ, ಯಾರಿಗಾಗಿ ಬರೆದ

1767ರಲ್ಲಿ ಸ್ಪೇನಿನ ದೊರೆ ಮೂರನೆಯ ಚಾರ್ಲ್ಸ್ ತನ್ನ ರಾಜ್ಯಗಳಿಂದ ಜೆಸ್ಯೂಟರನ್ನು ಹೊರಗಟ್ಟಿದ. 1773ರಲ್ಲಿ ಪೋಪರೇ ಆ ಸಂಘವನ್ನು ವಿಸರ್ಜಿಸಿದರು. ಸಂಘವೇ ಇಲ್ಲದಂತಾದ ಮೇಲೆ, ಕೆಲಸ ಮಾಡಿದ ನಾಡಿಗೆ ಮರಳುವ ದಾರಿಯೂ ಮುಚ್ಚಿದ ಮೇಲೆ, ವಿಯೆನ್ನಾದಲ್ಲಿ ಕುಳಿತು ಡೊಬ್ರಿಟ್ಸ್‌ಹೋಫರ್ ಈ ಪುಸ್ತಕವನ್ನು ಬರೆದ. ಮಹಾರಾಣಿ ಮರಿಯಾ ತೆರೇಸಾ ಆತನನ್ನು ಆಗಾಗ ಕರೆಸಿ ಅನುಭವಗಳನ್ನು ಕೇಳುತ್ತಿದ್ದಳು ಎಂಬುದನ್ನೂ ಇದರ ಜೊತೆಗೆ ನೆನಪಿಡಿ. ಅಂದರೆ ಒಂದು ಕಡೆ ಕಥೆ ಕೇಳಲು ಕಾದಿರುವ ಅರಮನೆ, ಇನ್ನೊಂದು ಕಡೆ ಜೆಸ್ಯೂಟರನ್ನು ಖಂಡಿಸುತ್ತಿದ್ದ ಬರಹಗಾರರು, ಮತ್ತೊಂದು ಕಡೆ ಅಮೆರಿಕವನ್ನು ಕಾಣದೆಯೇ ಅಲ್ಲಿನ ಜನ ದುರ್ಬಲರು, ಜಡರು ಎಂದು ಬರೆದ, ಕೊರ್ನೇಲಿಯಸ್ ದ ಪೌ ಎಂಬ ಯುರೋಪಿನ ಲೇಖಕನಂಥವರು.

ಈ ಮೂವರೂ ಆತನ ಕಣ್ಣ ಮುಂದೆ ಇದ್ದರು. ಅಬಿಪೋನರು ಎತ್ತರದವರು, ಗಟ್ಟಿಮುಟ್ಟಾದವರು, ರೂಪವಂತರು ಎಂದು ಆತ ಪುಟಗಟ್ಟಲೆ ಹೊಗಳುವಾಗ ಅದು ಪ್ರೀತಿಯಿಂದ ಹುಟ್ಟಿದ ಮಾತೂ ಹೌದು, ದ ಪೌನಂಥವರಿಗೆ ಕೊಟ್ಟ ಉತ್ತರವೂ ಹೌದು. ಮಿಷನ್ ಊರುಗಳ ಯಶಸ್ಸನ್ನು ಹೇಳುವಾಗ ಅದು ಅಳಿದ ಸಂಘದ ಪರವಾದ ವಾದವೂ ಆಗಿರುತ್ತದೆ. ಅಂಥ ಪುಟಗಳಲ್ಲಿ ನಾವು ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾರಿಗೆ ಉತ್ತರ?’ ಎಂದು ಬರೆದುಕೊಳ್ಳುತ್ತೇವೆ. ಆ ಪ್ರಶ್ನೆಗೆ ಉತ್ತರ ಸಿಕ್ಕ ಪುಟಗಳನ್ನು ಸಾಕ್ಷಿಯಾಗಿ ಬಳಸುವಾಗ ಕೈ ಬಿಗಿ ಹಿಡಿಯಬೇಕು.

ಕಿವಿಗೊಟ್ಟ ಪುಟಗಳು

ನನ್ನ ಅಭಿಪ್ರಾಯದಲ್ಲಿ ಈ ಗ್ರಂಥದ ನಿಜವಾದ ಬೆಲೆ ಇರುವುದು ಭಾಷೆಯ ಅಧ್ಯಾಯಗಳಲ್ಲಿ. ಪಾದ್ರಿ ಭಾಷೆ ಕಲಿತದ್ದು ಧರ್ಮ ಬೋಧಿಸಲು. 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ಗೂ ಅದೇ ಉದ್ದೇಶವಿತ್ತು. ಆದರೆ ಕಲಿಯುವವನು ತಪ್ಪು ಮಾಡುತ್ತಾನೆ, ಜನ ತಿದ್ದುತ್ತಾರೆ, ತಿದ್ದಿದ್ದನ್ನು ಆತ ಬರೆದುಕೊಳ್ಳುತ್ತಾನೆ. ಹಾಗೆ ತಿದ್ದಿಸಿಕೊಂಡ ಜಾಗಗಳಲ್ಲಿ ಮಾತು ಜನರದ್ದು, ಬರಹ ಮಾತ್ರ ಪಾದ್ರಿಯದ್ದು.

ಅಬಿಪೋನರಲ್ಲಿ ಒಬ್ಬರು ಸತ್ತರೆ ಅವರ ಹೆಸರನ್ನು ಯಾರೂ ಉಚ್ಚರಿಸುವಂತಿರಲಿಲ್ಲ. ಆ ಹೆಸರು ಪ್ರಾಣಿಯದೋ ವಸ್ತುವಿನದೋ ಆಗಿದ್ದರೆ ಆ ಪದವನ್ನೇ ಭಾಷೆಯಿಂದ ತೆಗೆದುಹಾಕಿ ಹೊಸ ಪದ ಕಟ್ಟುತ್ತಿದ್ದರು. ಹೊಸ ಪದ ಕಟ್ಟುವ ಅಧಿಕಾರ ಮುದುಕಿಯರದ್ದು. ಅವರು ಒಪ್ಪಿದ ಪದವನ್ನು ಮೇಲಿನವರು ಕೆಳಗಿನವರು ಎನ್ನದೆ ಎಲ್ಲರೂ ತಕರಾರಿಲ್ಲದೆ ಬಳಸುತ್ತಿದ್ದರು. ತಾನಿದ್ದ ಏಳು ವರ್ಷಗಳಲ್ಲಿ ಜಾಗ್ವಾರ್‌ನ ಹೆಸರು ಮೂರು ಸಲ ಬದಲಾಯಿತು, ಕೈಮನ್, ಮುಳ್ಳು, ದನ ಕಡಿಯುವುದು ಇವುಗಳ ಪದಗಳೂ ಬದಲಾದವು ಎಂದು ಡೊಬ್ರಿಟ್ಸ್‌ಹೋಫರ್ ಬರೆಯುತ್ತಾನೆ. ಬರೆದಿಟ್ಟ ಪದಪಟ್ಟಿಯನ್ನು ಮತ್ತೆ ಮತ್ತೆ ಹೊಡೆದು ತಿದ್ದಬೇಕಾದವನಿಗೆ ಇದು ಎಂಥ ಪೇಚಾಟ ಎಂಬುದು ಆ ಪುಟಗಳಲ್ಲಿ ಕಾಣುತ್ತದೆ. ಈ ಪೇಚಾಟವೇ ವಿವರವನ್ನು ನಂಬಲು ನನಗೆ ಕಾರಣ. ವಾದಕ್ಕಾಗಿ ಕಟ್ಟಿದ ಮಾತು ಲೇಖಕನನ್ನು ಹೀಗೆ ತೊಂದರೆಗೆ ಸಿಲುಕಿಸುವುದಿಲ್ಲ.

ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಭಾಗದ ಹಳ್ಳಿಗಳಲ್ಲಿ ಹೆಂಡತಿ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಹೇಳುವುದು ನಮಗೆಲ್ಲ ಗೊತ್ತು. ಆದ್ದರಿಂದ ಈ ಪುಟ ಓದಿದ ಕೂಡಲೇ ‘ಇದು ನಮ್ಮಲ್ಲಿಯೂ ಇದೆ’ ಎನ್ನಿಸುತ್ತದೆ. ಆ ಪರಿಚಯ ಓದಿಗೆ ಬಾಗಿಲು ತೆರೆಯುತ್ತದೆ, ನಿಜ. ಆದರೆ ಒಡಪಿನಲ್ಲಿ ಹೆಸರು ಬದುಕಿರುವ ಗಂಡನದು, ಅದನ್ನು ಕೊನೆಗೆ ಹೇಳಿಯೇ ಹೇಳುತ್ತಾರೆ. ಅಲ್ಲಿ ಹೆಸರು ಸತ್ತವರದು, ಅದು ಭಾಷೆಯಿಂದಲೇ ಹೊರಟುಹೋಗುತ್ತದೆ. ಹೋಲಿಕೆ ಕಂಡಲ್ಲಿ ಅದರ ಕೆಳಗೆ ವ್ಯತ್ಯಾಸವನ್ನೂ ಬರೆಯುವ ಶಿಸ್ತು ಇಲ್ಲದಿದ್ದರೆ ನಾವು ಅಬಿಪೋನರನ್ನು ಓದುತ್ತಿಲ್ಲ, ನಮ್ಮನ್ನೇ ಮತ್ತೆ ಓದುತ್ತಿದ್ದೇವೆ ಎಂದಾಗುತ್ತದೆ.

ಎಣಿಕೆಯ ಪುಟಗಳು ಇದಕ್ಕೆ ಇನ್ನೂ ಒಳ್ಳೆಯ ಅಭ್ಯಾಸ. ಅಬಿಪೋನರಿಗೆ ಮೂರರವರೆಗೆ ಮಾತ್ರ ಬಿಡಿ ಪದಗಳಿದ್ದವು, ನಾಲ್ಕಕ್ಕೆ ರಿಯಾ ಹಕ್ಕಿಯ ಕಾಲ್ಬೆರಳುಗಳು ಎನ್ನುತ್ತಿದ್ದರು, ಐದಕ್ಕೆ ಒಂದು ಕೈಯ ಬೆರಳುಗಳು, ಹತ್ತಕ್ಕೆ ಎರಡೂ ಕೈಯ ಬೆರಳುಗಳು ಎಂದು ಆತ ದಾಖಲಿಸುತ್ತಾನೆ. ಇಷ್ಟನ್ನು ಕೇಳಿದ್ದು ಕಿವಿ. ಇದರ ಮೇಲೆ ಅವರು ಲೆಕ್ಕದಲ್ಲಿ ಮಂದರು ಎಂದು ತೀರ್ಪು ಕೊಡಲು ಹೊರಡುವ ಪಾದ್ರಿಯೇ ಮುಂದೆ ಬರೆಯುವುದನ್ನು ನೋಡಿ. ಕುದುರೆ ಹಿಡಿದು ಬಂದವರನ್ನು ಎಷ್ಟು ಕುದುರೆ ಎಂದು ಯಾರೂ ಕೇಳುವುದಿಲ್ಲ, ಅವು ಎಷ್ಟು ಜಾಗ ಹಿಡಿಯುತ್ತವೆ ಎಂದು ಕೇಳುತ್ತಾರೆ. ಬೇಟೆಗೆ ಹೊರಡುವಾಗ ಜೀನಿನ ಮೇಲೆ ಕುಳಿತು ಸುತ್ತ ಕಣ್ಣು ಹಾಯಿಸಿ, ಅಷ್ಟೊಂದು ನಾಯಿಗಳಲ್ಲಿ ಒಂದು ತಪ್ಪಿದ್ದರೂ ಕೂಡಲೇ ಅದನ್ನು ಕರೆಯತೊಡಗುತ್ತಾರೆ. ಎಣಿಸದೆ ಇದು ಹೇಗೆ ಸಾಧ್ಯ ಎಂದು ಆತ ಬೆರಗಾಗುತ್ತಾನೆ. ಕುಷ್ಟಗಿ, ಸಿಂಧನೂರಿನ ಕಡೆ ಬೇಸಿಗೆಯಲ್ಲಿ ಎರೆಹೊಲಗಳಲ್ಲಿ ಕುರಿ ನಿಲ್ಲಿಸುವ ಕುರಿಗಾಹಿಗಳನ್ನು ಬಲ್ಲವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಅವರು ಹಿಂಡನ್ನು ಎಣಿಸುವುದಿಲ್ಲ, ಒಂದೊಂದು ಕುರಿಯ ಮುಖವನ್ನೂ ಬಲ್ಲವರು. ಸಂಖ್ಯೆಯ ಪದ ಕಡಿಮೆ ಇರುವುದಕ್ಕೂ ಲೆಕ್ಕ ತಪ್ಪುವುದಕ್ಕೂ ಸಂಬಂಧವಿಲ್ಲ ಎಂಬುದು ಆತನ ಪುಟದಲ್ಲೇ ಇದೆ. ಅದನ್ನು ಹೆಕ್ಕಿ ತೆಗೆಯುವ ಕೆಲಸ ಓದುಗರದ್ದು.

ಹೆಸರಿರುವ ಪ್ರಸಂಗಗಳು ಸಾಮಾನ್ಯ ಹೇಳಿಕೆಗಳಿಗಿಂತ ಹೆಚ್ಚು ತೂಗುತ್ತವೆ. ಹೆಂಡತಿ ಹೆತ್ತಾಗ ಗಂಡನೂ ಚಾಪೆ ಹೊದ್ದು ಮಲಗಿ ಉಪವಾಸ ಮಾಡುತ್ತಾನೆ ಎಂದು ಆತ ಒಂದೆಡೆ ಬರೆಯುತ್ತಾನೆ. ಅಷ್ಟೇ ಆಗಿದ್ದರೆ ಯಾರೋ ಹೇಳಿದ್ದು ಎಂದು ಬಿಡಬಹುದಿತ್ತು. ಆದರೆ ಕೊನ್ಸೆಪ್ಸಿಯೊನ್ ಊರಿಗೆ ಟುಕುಮಾನ್ ಪ್ರಾಂತದ ಅಧಿಕಾರಿ ಬಾರೆಡಾ ಬಂದಿದ್ದಾಗ ಮುಖಂಡ ಮಲಕೀನ್ ಆತ ಕೊಟ್ಟ ನಶ್ಯವನ್ನು ನಿರಾಕರಿಸಿದ ಪ್ರಸಂಗವೂ ಇದೆ. ಹೆಂಡತಿ ನಿನ್ನೆಯಷ್ಟೇ ಹೆತ್ತಿದ್ದಾಳೆ, ತಾನು ಸೀನಿದರೆ ಮಗುವಿಗೆ ಅಪಾಯ ಎಂಬುದು ಮಲಕೀನ್ ಕೊಟ್ಟ ಕಾರಣ. ಊರು, ಇಬ್ಬರ ಹೆಸರು, ಮಾತಿನ ಸಂದರ್ಭ ಎಲ್ಲವೂ ಇರುವ ಇಂಥದ್ದನ್ನು ಬೇರೆ ಚೀಟಿಯಲ್ಲಿ ಬರೆದಿಡಿ. ಮುದುಕಿಯರು ಮುಳ್ಳಿನಿಂದ ಚುಚ್ಚಿ, ರಕ್ತಕ್ಕೆ ಬೂದಿ ಬೆರೆಸಿ ಹುಡುಗಿಯರಿಗೆ ಹಚ್ಚೆ ಹಾಕುವ ವರ್ಣನೆಯೂ ಪಕ್ಕದಲ್ಲಿ ನಿಂತು ನೋಡಿದವನ ಬರಹ. ಚಿತ್ರ ಬೇಕೆನಿಸಿದರೆ ಅದೇ ಕಾಲದಲ್ಲಿ ನೆರೆಯ ಮೊಕೊವಿ ಜನರ ನಡುವೆ ಇದ್ದ ಇನ್ನೊಬ್ಬ ಜೆಸ್ಯೂಟ್, ಫ್ಲೋರಿಯನ್ ಪೌಕೆ, ಬಿಡಿಸಿದ ಬಣ್ಣದ ಚಿತ್ರಗಳನ್ನು ನೋಡಬಹುದು. ಮೊಕೊವಿ ಮತ್ತು ಅಬಿಪೋನ್ ಒಂದೇ ಭಾಷಾ ಕುಟುಂಬದವರು. ಆ ಚಿತ್ರಗಳು ಆಸ್ಟ್ರಿಯಾದ ಸ್ವೆಟ್ಲ್ ಮಠದಲ್ಲಿವೆ.

ತೀರ್ಪು ಕೊಟ್ಟ ಪುಟಗಳು

ಅಬಿಪೋನರು ತಮ್ಮ ಮೂಲಶಕ್ತಿಯನ್ನು ‘ನಮ್ಮ ಅಜ್ಜ’ ಎಂದು ಕರೆಯುತ್ತಿದ್ದರು. ಪಾದ್ರಿ ಅದನ್ನು ಸೈತಾನ ಎಂದು ಬರೆಯುತ್ತಾನೆ. ಕೀಬೆಟ್ ಎಂದು ಅವರು ಗೌರವಿಸುತ್ತಿದ್ದ ವೈದ್ಯ ಮಂತ್ರವಾದಿಗಳನ್ನು ಆತ ಮೋಸಗಾರರು ಎನ್ನುತ್ತಾನೆ. ಇಲ್ಲಿ ಮಾಡಬೇಕಾದದ್ದು ಸರಳ. ಎರಡು ಪದಗಳನ್ನೂ ಬೇರೆ ಬೇರೆ ಬರೆದುಕೊಳ್ಳಿ: ಅವರು ಅಂದದ್ದು ಅಜ್ಜ, ಈತ ಬರೆದದ್ದು ಸೈತಾನ. ಆಮೇಲೆ ನಿಮ್ಮ ಲೇಖನದಲ್ಲಿ ಮೊದಲನೆಯದನ್ನು ಅಬಿಪೋನರ ಬಗೆಗಿನ ಸಂಗತಿಯಾಗಿ, ಎರಡನೆಯದನ್ನು ಹದಿನೆಂಟನೆಯ ಶತಮಾನದ ಪಾದ್ರಿಯ ಬಗೆಗಿನ ಸಂಗತಿಯಾಗಿ ಬಳಸಿ. ಸೈತಾನ ಎಂಬ ಪದವನ್ನು ಅಳಿಸಿಬಿಡುವುದೂ ತಪ್ಪು, ಅದು ಆತನ ಕಾಲದ ಸಾಕ್ಷಿ. ಪಾದ್ರಿಯ ಮೇಲೆ ಸಿಟ್ಟಾಗಿ ಪುಸ್ತಕ ಮುಚ್ಚಿದವರು ನಮ್ಮ ಗುಂಪಿನಲ್ಲಿದ್ದರು. ಆ ಸಿಟ್ಟು ನ್ಯಾಯವಾದದ್ದೇ ಆದರೂ, ಅಜ್ಜ ಎಂಬ ಪದ ನಮಗೆ ತಲುಪಿದ್ದು ಅದೇ ಪುಟದಿಂದ ಎಂಬುದನ್ನು ಮರೆಯಬಾರದು.

ಅಂಕಿಗಳ ವಿಷಯದಲ್ಲಿ ನಮ್ಮ ರಾಯಚೂರೇ ಪಾಠಶಾಲೆ. 1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯನ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ ಹೊರಟವು ಎಂಬ ಲೆಕ್ಕ ನೂನಿಜ್‌ನ ಬರಹದಲ್ಲಿದೆ. ರಾಯಚೂರಿನ ಕೋಟೆಯ ಮುಂದೆ ನಿಂತು, ಬೇಸಿಗೆಯ ಅಂಥ ಬಯಲಿನಲ್ಲಿ ಏಳು ಲಕ್ಷ ಜನಕ್ಕೆ ನೀರು ಎಲ್ಲಿಂದ ಬಂತು, ಕುದುರೆಗಳಿಗೆ ಮೇವು ಯಾರು ಹೊತ್ತರು ಎಂದು ಕೇಳಿಕೊಂಡವರು ಅಂಕಿಯನ್ನು ಓದುವುದನ್ನು ಕಲಿಯುತ್ತಾರೆ. ಅದೇ ಪ್ರಶ್ನೆಯನ್ನು ಡೊಬ್ರಿಟ್ಸ್‌ಹೋಫರ್‌ಗೂ ಕೇಳಿ. ಅಬಿಪೋನರು ಒಟ್ಟು ಐದು ಸಾವಿರ ಎಂಬ ಆತನ ಅಂದಾಜು ಮಿಷನ್ ಊರುಗಳನ್ನು ಕಂಡವನ ಅಂದಾಜಾದ್ದರಿಂದ ನಿಲ್ಲುತ್ತದೆ. ಆದರೆ ಅವರಲ್ಲಿ ಅನೇಕರು ನೂರು ವರ್ಷ ದಾಟುತ್ತಾರೆ, ಎಂಬತ್ತಕ್ಕೆ ಸತ್ತರೆ ಎಳೆಯ ವಯಸ್ಸಿನಲ್ಲಿ ಹೋದರೆಂದು ಅಳುತ್ತಾರೆ ಎಂಬ ಮಾತು ಹೇಗೆ ನಿಂತೀತು? ವರ್ಷಗಳನ್ನು ಅಂಕಿಯಲ್ಲಿ ಎಣಿಸದ ಜನ ಎಂದು ಆತನೇ ತೋರಿಸಿಕೊಟ್ಟಿರುವಾಗ ಆ ನೂರನ್ನು ಎಣಿಸಿದವರು ಯಾರು? ಒಂದೇ ಪುಸ್ತಕದ ಎರಡು ಅಧ್ಯಾಯಗಳನ್ನು ಹೀಗೆ ಎದುರುಬದುರು ಕೂರಿಸುವುದು ಬೇರೆ ಗ್ರಂಥಗಳು ಸಿಗದ ನಮ್ಮಂಥ ಊರುಗಳ ಓದುಗರಿಗೆ ಒಳ್ಳೆಯ ಉಪಾಯ.

‘ಕಾಡುಜನ’, ‘ದರೋಡೆಕೋರರು’ ಎಂಬ ಪದಗಳು ಬಂದಲ್ಲಿ ನಿಧಾನಿಸಿ. ಗ್ರಂಥದ ಶೀರ್ಷಿಕೆಯೇ ಅಬಿಪೋನರನ್ನು ಕುದುರೆ ಸವಾರರಾದ ಯುದ್ಧಪ್ರಿಯ ಜನಾಂಗ ಎನ್ನುತ್ತದೆ. ಇಡೀ ಸಮುದಾಯಕ್ಕೆ ಒಂದು ಹಣೆಪಟ್ಟಿ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಗಳ ಕೊರಚರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂದೆ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿ, ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಪಟ್ಟಿ ಮಾಡಿತು. ಆದ್ದರಿಂದ ಅಬಿಪೋನರು ದಾಳಿ ಮಾಡಿದರು ಎಂದು ಓದಿದಾಗ ಅದಕ್ಕೆ ಮೊದಲು ಸ್ಪೇನಿನವರು ಏನು ಮಾಡಿದ್ದರು ಎಂದು ಹಿಂದಿನ ಪುಟಗಳಲ್ಲಿ ಹುಡುಕಿ. ಸ್ಪೇನಿನವರ ಕ್ರೌರ್ಯವನ್ನು ಈ ಪಾದ್ರಿ ಮುಚ್ಚಿಡುವವನಲ್ಲ, ಹುಡುಕಿದವರಿಗೆ ಸಿಗುತ್ತದೆ.

ಕನ್ನಡದಲ್ಲಿ ಬರೆಯುವಾಗ

ಅಬಿಪೋನೆಸ್ ಎಂಬುದು ಸ್ಪ್ಯಾನಿಷ್ ಬಹುವಚನ. ಅದಕ್ಕೆ ಮತ್ತೆ ‘ಗಳು’ ಸೇರಿಸದೆ ಅಬಿಪೋನರು ಎನ್ನಿ. ಅವರ ಮೂರು ಪಂಗಡಗಳಾದ ಬಯಲಿನ ರಿಕಾಹೆ, ಕಾಡಿನ ನಕೈಕೆತೆರ್ಗೆಹೆ, ನೀರಿನ ದಂಡೆಯ ಯಾವುಕನಿಗಾ ಇವುಗಳಿಗೆ ಮೊದಲ ದಿನವೇ ಒಂದು ಕಾಗುಣಿತ ನಿಶ್ಚಯಿಸಿ ಕೊನೆಯವರೆಗೂ ಅದನ್ನೇ ಬಳಸಿ. ಪಾದ್ರಿಯ ಹೆಸರು ಮಾತ್ರ ಬರುವಂತೆ ಬರೆಯಬೇಡಿ. ಇಚೋವಲಾಯ್, ಮಲಕೀನ್, ದೆಬಯಕೈಕಿನ್ ಎಂಬ ಮುಖಂಡರ ಹೆಸರುಗಳು ಗ್ರಂಥದಲ್ಲಿವೆ. ಪದ ಕಟ್ಟಿದ ಮುದುಕಿಯರ ಹೆಸರುಗಳಿಲ್ಲ. ಚೀಟಿಯಲ್ಲಿ ‘ಹೇಳಿದವರು’ ಎಂಬ ಸಾಲನ್ನು ಇಟ್ಟುಕೊಂಡು, ಹೆಸರು ಸಿಕ್ಕಲ್ಲಿ ತುಂಬಿಸಿ, ಸಿಗದಲ್ಲಿ ‘ಒಬ್ಬ ಮುದುಕಿ’ ಎಂದಾದರೂ ಬರೆಯಿರಿ.

ಕೊನೆಯದಾಗಿ, ಪುಸ್ತಕ ಬಿಟ್ಟು ಹೊರಗೆ ಬಂದು ಮಾಡುವ ಪರೀಕ್ಷೆಯೊಂದಿದೆ. ಅಬಿಪೋನರ ಅಜ್ಜ ಇದ್ದದ್ದು ಕೃತ್ತಿಕಾ ನಕ್ಷತ್ರದಲ್ಲಿ. ವರ್ಷದಲ್ಲಿ ಕೆಲವು ವಾರ ಆ ಚುಕ್ಕೆಗಳು ಕಾಣದಾದಾಗ ಅಜ್ಜನಿಗೆ ಕಾಯಿಲೆ ಎಂದು ಅವರು ಅಂಜುತ್ತಿದ್ದರು, ಮೇ ತಿಂಗಳಲ್ಲಿ ಮತ್ತೆ ಕಂಡಾಗ ಕೊಳಲು ಕಹಳೆ ಊದಿ, ಗುಣವಾಗಿ ಬಂದೆಯಲ್ಲ ಎಂದು ಹರ್ಷದಿಂದ ಬರಮಾಡಿಕೊಳ್ಳುತ್ತಿದ್ದರು ಎಂದು ಪಾದ್ರಿ ಬರೆದಿದ್ದಾನೆ. ಮೇ ತಿಂಗಳ ನಡುವಿನಲ್ಲಿ ಸೂರ್ಯ ಕೃತ್ತಿಕೆಯ ಬಳಿ ಇರುವುದರಿಂದಲೇ ನಮ್ಮ ರೈತರು ಆ ದಿನಗಳ ಮಳೆಯನ್ನು ಕೃತ್ತಿಕಾ ಮಳೆ ಎನ್ನುತ್ತಾರೆ, ಆ ದಿನಗಳಲ್ಲಿ ಆ ಚುಕ್ಕೆಗಳು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತವೆ. ಆತ ಹೇಳಿದ ತಿಂಗಳು ಎಷ್ಟು ಸರಿ ಎಂಬುದನ್ನು ಅಳೆಯಲು ಮೇ ಕೊನೆಯಿಂದ ಪ್ರತಿದಿನ ನಸುಕಿನಲ್ಲಿ, ಬೆಳಕು ಹರಿಯುವ ಮುಂಚೆ, ಊರ ಹೊರಗಿನ ಬಯಲಿನಲ್ಲಿ ಮೂಡಣ ದಿಕ್ಕಿಗೆ ನಿಂತು ನೋಡಿ. ನಮ್ಮ ಆಕಾಶದಲ್ಲಿ ಅವು ಮರಳಿ ಕಾಣುವುದು ಜೂನ್ ತಿಂಗಳಲ್ಲಿ. ಮೋಡವಿಲ್ಲದೆ ಮೊದಲು ಕಂಡ ದಿನಾಂಕವನ್ನು ಪಾದ್ರಿಯ ಮೇ ಎದುರಿಗೆ ಟಿಪ್ಪಣಿ ಪುಸ್ತಕದಲ್ಲಿ ಬರೆದು, ಚಾಕೊ ಸಮಭಾಜಕದ ದಕ್ಷಿಣಕ್ಕೆ ಎಷ್ಟು ಡಿಗ್ರಿಯಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ನೋಡಿ ಅದರ ಪಕ್ಕಕ್ಕೆ ಸೇರಿಸಿ.